ಹಸಿಯ ಜಾಡು ಹಿಡಿದ ಗೆದ್ದಲು

ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಜೋರು ಮಳೆ ಬಿದ್ದ ಸಂಜೆ ಬೆಂಗಳೂರಿನ ಮಲ್ಲೇಶ್ವರದ ಬೀದಿದೀಪಗಳಿಗೆ ಈಚಲು, ಅಂದರೆ ರೆಕ್ಕೆಯ ಗೆದ್ದಲು, ಮುತ್ತುತ್ತದೆ. ಕಿಟಕಿ ಮುಚ್ಚಿ ದೀಪ ಆರಿಸಿ ಕೂತರೂ ಬೆಳಿಗ್ಗೆ ಪೊರಕೆಗೆ ಸಿಗುವುದು ರಾಶಿ ರೆಕ್ಕೆ. ಹುಳುಗಳಲ್ಲಿ ಹೆಚ್ಚಿನವು ಹಲ್ಲಿ, ಹಕ್ಕಿಗಳ ಪಾಲು. ಬದುಕುಳಿದ ಜೋಡಿಗಳು ರೆಕ್ಕೆ ಕಳಚಿ ಮಣ್ಣಿಗಿಳಿದು ಹೊಸ ಸಂಸಾರ ಹೂಡುತ್ತವೆ. ಒಣಗಿ ಗಟ್ಟಿಯಾದ ನೆಲವನ್ನು ಕೊರೆಯುವುದು ಅವುಗಳಿಂದಾಗದ ಕೆಲಸ, ಅದಕ್ಕೇ ಮಳೆಗಾಗಿ ಕಾಯುತ್ತವೆ.

ಗೆದ್ದಲಿನ ಮೈಚರ್ಮ ತೀರಾ ತೆಳು. ಒಣಗಾಳಿ ತಾಗಿದರೆ ಬೇಗ ಸಾಯುತ್ತದೆ. ಗೋಡೆಯ ಮೇಲೆ ಕಾಣುವ ಮಣ್ಣಿನ ಗೆರೆ ಅದರ ಮುಚ್ಚಿದ ದಾರಿ. ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಮರದ ಬಾಗಿಲು ಟೊಳ್ಳಾದಾಗ ಎಲ್ಲರೂ ಬಾಗಿಲನ್ನೇ ನೋಡುತ್ತಾರೆ. ನೋಡಬೇಕಾದದ್ದು ಬಚ್ಚಲ ಗೋಡೆ, ಸೋರುವ ನಲ್ಲಿ, ಬುಡದಲ್ಲಿ ನೀರು ನಿಲ್ಲುವ ಮೂಲೆ. ಕರಾವಳಿಯ ಕಥೆ ಬೇರೆ: ಅಲ್ಲಿನ ತೇವದ ಹವೆಯಲ್ಲಿ ಮಣ್ಣಿನ ನಂಟೇ ಬೇಡದ ಒಣಮರದ ಗೆದ್ದಲು ಕಪಾಟಿನೊಳಗೇ ಬದುಕಿಬಿಡುತ್ತದೆ.

ಹುತ್ತ ಕಟ್ಟುವುದಕ್ಕೂ ಹದ ಬೇಕು. ಮಲ್ಲೇಶ್ವರದ ನೆರೆಯಲ್ಲೇ ಇರುವ, ಹಳಬರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೀಟಗಳನ್ನು ಬಲ್ಲ ರೆನೀ ಬೋರ್ಜಸ್ ಅವರೂ ಮಣ್ಣನ್ನು ಬಲ್ಲ ಎಂಜಿನಿಯರ್ ತೇಜಸ್ ಮೂರ್ತಿಯವರೂ ಸಂಗಡಿಗರೊಂದಿಗೆ ಇದನ್ನು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ನಾಯಕ ನಮ್ಮ ಕಡೆ ಹುತ್ತ ಕಟ್ಟುವ ಒಡಾಂಟೋಟರ್ಮಿಸ್ ಒಬೆಸಸ್. ಅದು ಮಣ್ಣನ್ನು ಪುಟ್ಟ ಉಂಡೆ ಮಾಡಿ ಒಂದರ ಮೇಲೊಂದು ಇಡುತ್ತದೆ. ಮಣ್ಣು ಪುಡಿಪುಡಿಯಾಗಿರಬಾರದು, ರಾಡಿಯೂ ಆಗಿರಬಾರದು. ಅದರ ಸ್ರಾವ ಬೆರೆತ ಮಣ್ಣಿಗೆ ಹತ್ತು ಪಟ್ಟು ಬಲ ಬರುತ್ತದಂತೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ನೆನಪಾಗುವವನು ನಾಗಪ್ಪ, ಮೇಸ್ತ್ರಿಯನ್ನು ಕೇಳುವವರಿಲ್ಲ!

ಹುತ್ತದೊಳಗೆ ಗೆದ್ದಲು ಸಾಕಿದ ಅಣಬೆ ತೋಟವಿದೆ, ಅದಕ್ಕೆ ಸದಾ ತೇವ ಬೇಕು, ಉಸಿರಾಟಕ್ಕೆ ಗಾಳಿಯೂ ಬೇಕು. ಇದೇ ಜಾತಿಯ ಹುತ್ತಗಳ ಮೇಲೆ ನಡೆದ 2015ರ ಇನ್ನೊಂದು ಅಧ್ಯಯನದ ಪ್ರಕಾರ ಹಗಲಲ್ಲಿ ಹುತ್ತದ ಹೊರಮೈ ಬೇಗ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ರಾತ್ರಿ ಹರಿವು ತಿರುವುಮುರುವಾಗುತ್ತದೆ. ಹಗಲು ರಾತ್ರಿಯ ತಾಪದ ವ್ಯತ್ಯಾಸವೇ ಅದರ ಫ್ಯಾನು.

ತಾಪಕ್ಕೆ ಗೆದ್ದಲಿನ ಹಸಿವಿನೊಂದಿಗೂ ನಂಟಿದೆ. ಜಗತ್ತಿನ ನೂರಕ್ಕೂ ಹೆಚ್ಚು ತಾಣಗಳಲ್ಲಿ ಮರದ ತುಂಡುಗಳನ್ನಿಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗೆದ್ದಲು ಮರ ತಿನ್ನುವ ವೇಗ 6.8 ಪಟ್ಟಾಗುತ್ತದೆ ಎಂದಿತು. ಸೂಕ್ಷ್ಮಾಣುಗಳು ಮರ ಕೊಳೆಸುವ ವೇಗ ಹೆಚ್ಚುವುದು ಸುಮಾರು ಎರಡು ಪಟ್ಟು. ಸೂಕ್ಷ್ಮಾಣುಗಳಿಗೆ ಮರವೇ ನೆನೆಯಬೇಕು. ಗೆದ್ದಲು ತನಗೆ ಬೇಕಾದ ಹಸಿಯನ್ನು ಮಣ್ಣಿನ ಸುರಂಗದಲ್ಲಿ ಜೊತೆಗೇ ಒಯ್ಯುತ್ತದೆ. ಮಾರ್ಚ್‌ನಲ್ಲಿ ಬೆಂಗಳೂರಿನ ನೆಲ ಬಿರುಕು ಬಿಟ್ಟಿರುವಾಗಲೂ ಬಚ್ಚಲ ಹಿಂಗೋಡೆಯ ಮೇಲೆ ಹೊಸ ಗೆರೆ ಮೂಡುವುದು ಹೀಗೆ.