ಹೊಳೆ ತುಂಬಿದ ದಿನವೂ ತರಬೇತಿ

ತುಂಗಭದ್ರೆ ಮೈದುಂಬಿದಾಗ ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗುವುದು ಹರಿಹರ ತಾಲ್ಲೂಕಿನವರಿಗೆ ಹೊಸದಲ್ಲ. ಅಂಥ ದಿನ ಪಂಚಾಯಿತಿ ನೌಕರರೂ ಆಶಾ ಕಾರ್ಯಕರ್ತೆಯರೂ ತರಬೇತಿಗೆಂದು ಹರಿಹರಕ್ಕೆ ಸುತ್ತು ಹಾಕುವ ಬದಲು ಪಾಠವೇ ಊರಿಗೆ ಬರಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದನ್ನು ಉಪಗ್ರಹದ ಮೂಲಕ ಮಾಡಿ ತೋರಿಸಿದೆ: ಸ್ಟುಡಿಯೊದಿಂದ ಪಾಠ, ತಾಲ್ಲೂಕು ಕೇಂದ್ರದ ಪರದೆಯಲ್ಲಿ ಚಿತ್ರ, ಪ್ರಶ್ನೆಗೆ ಫೋನು. ಈಗ ಅದೇ ಕೆಲಸವನ್ನು ಊರಿನಲ್ಲೇ ಮಾಡಲು ಪಂಚಾಯಿತಿ ಕಚೇರಿಯ ಮೂಲೆಯಲ್ಲೊಂದು ಸಾಧಾರಣ ಕಂಪ್ಯೂಟರ್ ಸಾಕು.

ಲೆಕ್ಕ ನೋಡಿ. 720ಪಿ ವಿಡಿಯೊಗೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಬೇಕು. 20 ಜನ ಒಟ್ಟಿಗೆ ನೋಡಿದರೆ 30 ಮೆಗಾಬಿಟ್. ಹಳ್ಳಿಯ ಇಂಟರ್ನೆಟ್ ಅಲ್ಲಿಗೇ ಉಸ್ಸೆನ್ನುತ್ತದೆ. ಅದೇ ಒಂದು ಗಂಟೆಯ ಪಾಠದ ಕಡತ ಸುಮಾರು 675 ಎಂಬಿ. ರಾತ್ರಿ ಒಮ್ಮೆ ಇಳಿಸಿಟ್ಟುಕೊಂಡರೆ ಮರುದಿನ ಎಲ್ಲರಿಗೂ ಕಚೇರಿಯ ವೈಫೈನಲ್ಲೇ ಹಂಚಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲೇ.

ಕಂಪ್ಯೂಟರಿಗೆ ಉಬುಂಟು ಕಾರ್ಯಾಚರಣಾ ವ್ಯವಸ್ಥೆ ಹಾಕಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ವಿಡಿಯೊವನ್ನು ಎಚ್.264 ರೂಪಕ್ಕೆ ಬದಲಿಸಿ, 6 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಅವುಗಳ ಪಟ್ಟಿಯೊಂದನ್ನು ಬರೆದಿಡುತ್ತದೆ. ಇದೇ ಎಚ್‌ಎಲ್‌ಎಸ್ ವಿಧಾನ. ಪ್ರತಿ 2 ಸೆಕೆಂಡಿಗೆ ಒಂದು ಕೀಫ್ರೇಮ್ (ಪೂರ್ಣ ಚಿತ್ರ) ಬರುವಂತೆ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ತುಂಡುಗಳು ಏರುಪೇರಾಗುತ್ತವೆ. 720ಪಿ ಜೊತೆಗೆ 360ಪಿ ಪ್ರತಿಯೂ ಇರಲಿ; ಸಿಗ್ನಲ್ ಸೋತ ಫೋನು ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ. ತುಂಡುಗಳನ್ನು ಹಂಚುವ ಕೆಲಸ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನದು. ಸರ್ವರ್‌ನಿಂದ ರೌಟರಿಗೆ ತಂತಿಯೇ ಇರಲಿ, ವೈಫೈ ಬೇಡ. ಯುಪಿಎಸ್ ಎರಡಕ್ಕೂ ಬೇಕು.

ನೇರಪ್ರಸಾರಕ್ಕೆ ಒಬಿಎಸ್ ಎಂಬ ತಂತ್ರಾಂಶ ಬಳಸಬಹುದು. ಆದರೆ ಎಚ್‌ಎಲ್‌ಎಸ್‌ನಲ್ಲಿ ಚಿತ್ರ 10ರಿಂದ 30 ಸೆಕೆಂಡು ತಡವಾಗಿ ತಲುಪುತ್ತದೆ. ಹಾಗಾಗಿ ಪ್ರಶ್ನೆ ಕೇಳಲು ಮೈಸೂರಿನವರ ದಾರಿಯೇ ಸರಿ, ಫೋನ್ ಮಾಡಬೇಕು.

ಚಿತ್ರ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾಕ್ಕಿಂತ ಮೊದಲು ಒಳ್ಳೆಯ ಕಾಲರ್ ಮೈಕ್ ಕೊಳ್ಳಿ.

ಇನ್ನೊಂದು ಎಚ್ಚರ. ಬ್ರೌಸರ್‌ನಲ್ಲಿ ವಿಡಿಯೊ ಓಡಿಸುವ ಎಚ್‌ಎಲ್‌ಎಸ್.ಜೆಎಸ್ ಕಡತವನ್ನೂ ನಿಮ್ಮ ಸರ್ವರ್‌ನಲ್ಲೇ ಇಡಿ. ಅನೇಕರು ಅದನ್ನು ಇಂಟರ್ನೆಟ್‌ನಿಂದ ಎಳೆಯುವಂತೆ ಬಿಡುತ್ತಾರೆ. ಲೈನ್ ಕಡಿದ ದಿನ ಪಾಠವೆಲ್ಲ ಕಚೇರಿಯಲ್ಲೇ ಇದ್ದರೂ ಫೋನಿನಲ್ಲಿ ಓಡುವುದಿಲ್ಲ. ರೌಟರಿನ ಇಂಟರ್ನೆಟ್ ತಂತಿ ಕಿತ್ತು, ಇರುವುದರಲ್ಲಿ ಅಗ್ಗದ ಫೋನಿನಲ್ಲಿ ಪೂರ್ತಿ ಪಾಠ ನೋಡಿದ ಮೇಲೇ ತರಬೇತಿಯ ದಿನ ಗೊತ್ತುಮಾಡಿ.