ಮನೆಯ ಹೊಲಿಗೆಗೊಂದು ಆಯವ್ಯಯ

ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಿಕಂದರಾಬಾದಿನ ಜನರಲ್ ಬಜಾರ್ ದೂರವಲ್ಲ. ಆದರೆ ಅಗ್ಗವೆಂದು ಕಂಡ ಬಟ್ಟೆಯನ್ನೆಲ್ಲ ಕೊಂಡು ಪೆಟ್ಟಿಗೆಯಲ್ಲಿಟ್ಟರೆ ಅದು ಉಡುಪಾಗದು. ಬಡ್ಡಿ ಬಾರದ ಬಂಡವಾಳವಾಗಿ ಉಳಿಯುತ್ತದೆ. ಮನೆಯಲ್ಲೇ ಹೊಲಿದುಕೊಳ್ಳಬಯಸುವವರಿಗೆ ಯಂತ್ರದಷ್ಟೇ ಯೋಜನೆಯೂ ಅವಶ್ಯಕ.

ವರ್ಷಾರಂಭದಲ್ಲಿ ಕಪಾಟನ್ನು ತೆರೆದು, ಇರುವುದೆಷ್ಟು, ಬೇಕಾದುದೆಷ್ಟು ಎಂದು ಪಟ್ಟಿ ಮಾಡಬೇಕು. ಹೈದರಾಬಾದಿನ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರುವುದುಂಟು. ಆದುದರಿಂದ ಬೆವರನ್ನು ಹೀರುವ, ಸಡಿಲವಾದ ಹತ್ತಿಯ ಉಡುಪುಗಳು ಮಾರ್ಚ್ ತಿಂಗಳೊಳಗೆ ಸಿದ್ಧವಾಗಬೇಕು. ಜೂನ್ ತಿಂಗಳಿಗೆ ಮಕ್ಕಳ ಶಾಲೆಯ ಉಡುಪು, ದಸರೆಗೆ ಗುಳೇದಗುಡ್ಡದ ಖಣದ ಕುಪ್ಪಸ, ಹೀಗೆ ಕ್ರಮವಿರಲಿ. ಒಂದನ್ನು ಮುಗಿಸಿದ ಬಳಿಕವೇ ಇನ್ನೊಂದಕ್ಕೆ ಬಟ್ಟೆ ಕೊಳ್ಳುವುದು ಲೇಸು.

ಹತ್ತಿಯ ಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಅದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಅನಂತರವೇ ಕತ್ತರಿಸಬೇಕು. ಉಡುಪಿನ ಉದ್ದವು ಹಾಸಿನ ನೂಲಿನ ದಿಕ್ಕಿನಲ್ಲಿರಬೇಕು. ಓರೆಯಾದರೆ ಉಡುಪು ಒಂದು ಬದಿಗೆ ಜೋಲುತ್ತದೆ. ಹೊಸ ಮಾದರಿಯನ್ನು ಮೊದಲು ಹಳೆಯ ಪಂಚೆಯ ತುಂಡಿನಲ್ಲಿ ಹೊಲಿದು ನೋಡಿದರೆ ಬೆಲೆಯುಳ್ಳ ಬಟ್ಟೆ ಕೆಡುವುದಿಲ್ಲ. ಮಕ್ಕಳ ಉಡುಪಿನ ಅಂಚಿನಲ್ಲಿ ಎರಡು ಅಂಗುಲ ಹೆಚ್ಚಿಗೆ ಮಡಿಸಿಟ್ಟರೆ ಮರುವರ್ಷ ಬಿಚ್ಚಿ ಉದ್ದ ಮಾಡಬಹುದು.

ಅಡುಗೆಮನೆಯಲ್ಲಿ ಧರಿಸುವ ಉಡುಪಿಗೆ ನೈಲಾನ್, ಪಾಲಿಯೆಸ್ಟರ್ ಸಲ್ಲವು. ಬೆಂಕಿ ತಗುಲಿದರೆ ಅವು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯೂ ಉರಿಯುವ ವಸ್ತುವೇ ಆದ್ದರಿಂದ ಜೋಲುವ ತೋಳುಗಳನ್ನು ಇಡಬಾರದು.

ಹೊಲಿಯುವವರ ದೇಹವೂ ಲೆಕ್ಕಕ್ಕೆ ಬರಬೇಕು. ಬಾಗಿ ಕುಳಿತರೆ ಬೆನ್ನು ನೋಯುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ದಣಿಯುತ್ತದೆ. ಕಿಟಕಿಯ ಬಳಿ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡಬೇಕು. ಹಬ್ಬದ ಹಿಂದಿನ ರಾತ್ರಿ ನಿದ್ದೆಗೆಟ್ಟು ಹೊಲಿಯುವ ಪ್ರಸಂಗವೇ ಬಾರದಂತೆ ಮಾಡುವುದು ಯೋಜನೆಯ ಮೊದಲ ಲಾಭ.