ಜನಾರೋಗ್ಯ ಅಧ್ಯಯನ: ತಪ್ಪು ಕಲ್ಪನೆ ಮತ್ತು ಸತ್ಯ

ಜನಸಮುದಾಯದ ಆರೋಗ್ಯ ಅಧ್ಯಯನವೆಂದರೆ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುವುದು, ಬಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು, ಅಷ್ಟೇ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಯಾರನ್ನು ಕೇಳಬೇಕು, ಯಾರೊಂದಿಗೆ ಹೋಲಿಸಬೇಕು, ಯಾವ ಕಾಲದ ಸಂಗತಿಯನ್ನು ಅಳೆಯಬೇಕು ಎಂಬಲ್ಲೇ ಎಡವಿದ್ದರೆ ಮುಂದಿನ ಯಾವ ಲೆಕ್ಕಾಚಾರವೂ ಅದನ್ನು ನೆಟ್ಟಗೆ ಮಾಡಲಾರದು.

ಊರಿನ ಕಾಯಿಲೆ ತಿಳಿಯಲು ಆಸ್ಪತ್ರೆಯ ರಿಜಿಸ್ಟರ್ ಸಾಕೆಂಬುದು ಮೊದಲ ತಪ್ಪು. ಇದನ್ನು ಸುಳ್ಳಾಗಿಸಿದ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯದೇ. ಕ್ಷಯ ಪಟ್ಟಣದ ರೋಗ ಎಂಬ ನಂಬಿಕೆಯನ್ನು 1955–58ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಲುಗಾಡಿಸಿತ್ತು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. 1960–61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ಹಳ್ಳಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ರೋಗಿಗಳನ್ನು ಗುರುತಿಸಿತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಆ ರೋಗಿಗಳನ್ನೂ, ಹೋಲಿಕೆಗಾಗಿ ರೋಗವಿಲ್ಲದವರನ್ನೂ ಮಾತನಾಡಿಸುವ ಅಧ್ಯಯನ ನಡೆಸಿದರು. ಹಳ್ಳಿಗರಿಗೆ ಲಕ್ಷಣ ತಿಳಿಯದು, ಎಕ್ಸ್‌ರೇ ವಾಹನ ಕಳಿಸಿ ಹುಡುಕಬೇಕು ಎಂದು ಆಗ ತಜ್ಞರೇ ನಂಬಿದ್ದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು. ಕಫದಲ್ಲಿ ರೋಗಾಣು ಇದ್ದ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಆಸ್ಪತ್ರೆಗೆ ಹೋಗಿಬಂದಿದ್ದರು. ಅವರಲ್ಲಿ ಅನೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ದೋಷ ಜನರ ತಿಳಿವಳಿಕೆಯಲ್ಲಿರಲಿಲ್ಲ, ಆಸ್ಪತ್ರೆಯೊಳಗಿತ್ತು. ಬಾರದವರೂ, ಬಂದರೂ ರೋಗ ಪತ್ತೆಯಾಗದವರೂ ರಿಜಿಸ್ಟರಿನಲ್ಲಿ ಎಲ್ಲಿ ಸಿಕ್ಕಾರು? 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೇ ಒಯ್ದದ್ದರ ಹಿಂದೆ ಇಂಥ ಸಂಶೋಧನೆಗಳಿದ್ದವು.

ಕಣ್ಣಿಗೆ ಬಿದ್ದವರನ್ನು ಕೇಳುವುದೇ ಯಾದೃಚ್ಛಿಕ ಆಯ್ಕೆ ಎಂಬುದೂ ತಪ್ಪು. ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯ ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕವರನ್ನು ಕೇಳಿದರೆ ಓಡಾಡಬಲ್ಲವರಷ್ಟೇ ಲೆಕ್ಕಕ್ಕೆ ಬರುತ್ತಾರೆ. ಹೋಬಳಿಯ ಎಲ್ಲ ಮನೆಗಳ ಪಟ್ಟಿ ಮಾಡಿ, ರಸ್ತೆಯಿಂದ ದೂರದ ಹಟ್ಟಿ, ತಾಂಡಾಗಳನ್ನೂ ಸೇರಿಸಿ, ಪ್ರತಿ ಮನೆಗೂ ಆಯ್ಕೆಯಾಗುವ ಅವಕಾಶ ಇಷ್ಟೆಂದು ಗೊತ್ತಿದ್ದರೆ ಮಾತ್ರ ಅದು ಯಾದೃಚ್ಛಿಕ. ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆ ಹಿಡಿಯುವುದೂ ಸಲ್ಲದು. ದುಡಿಮೆಗೆ ಗುಳೆ ಹೋದವರ ಆರೋಗ್ಯ ಊರಲ್ಲಿ ಉಳಿದವರ ಹಾಗೇ ಇರಬೇಕೆಂದಿಲ್ಲ. ಮತ್ತೆ ಮತ್ತೆ ಹೋಗಿ ನೋಡಬೇಕು, ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಬೇಕು.

ಮಾದರಿಯ ಗಾತ್ರದ ಬಗೆಗೂ ಭ್ರಮೆಯಿದೆ. ಜನಸಂಖ್ಯೆಯ ಶೇ. 10ರಷ್ಟು ಬೇಕೆಂಬ ನಿಯಮ ಎಲ್ಲೂ ಇಲ್ಲ. ಅರ್ಧದಷ್ಟು ಜನರಲ್ಲಿರಬಹುದಾದ ತೊಂದರೆಯನ್ನು ಶೇ. 5ರ ಆಚೀಚೆ, ಶೇ. 95ರ ಭರವಸೆಯಿಂದ ಅಂದಾಜಿಸಲು ಸುಮಾರು 384 ಜನ ಸಾಕು. ಮಿಡಿಗೇಶಿ ಹೋಬಳಿಗಾದರೂ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಿಗಾದರೂ ಹೆಚ್ಚುಕಡಿಮೆ ಅಷ್ಟೇ. ಬಿಡಿ ಜನರ ಬದಲು ಇಡೀ ಹಳ್ಳಿಗಳನ್ನು ಆರಿಸಿದರೆ ಮಾತ್ರ ಸಂಖ್ಯೆ ಏರಬೇಕು. ಏಕೆಂದರೆ ಒಂದೇ ಹಳ್ಳಿಯವರು ಒಂದೇ ನೀರು ಕುಡಿದು ಬಹುಮಟ್ಟಿಗೆ ಒಂದೇ ಥರ ಇರುತ್ತಾರೆ.

ನೀರಿನ ಮಾತು ಬಂದರೆ ಈ ಭಾಗದಲ್ಲಿ ಫ್ಲೋರೈಡ್ ಬಿಟ್ಟು ಮುಂದೆ ಹೋಗುವಂತಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಇಂದು ಶಾಲೆಗೆ ಹೋಗಿ 14 ವರ್ಷದ ಮಕ್ಕಳ ಹಲ್ಲು ನೋಡಿ, ಅದೇ ದಿನ ಮನೆಯ ನೀರು ಪರೀಕ್ಷಿಸಿದರೆ ಕಾರಣ ಸಿಕ್ಕಿತು ಎಂದುಕೊಳ್ಳುವುದು ಸಹಜ. ಆದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲಿನಲ್ಲಿ ಕಲೆ ಮೂಡುವುದು ವಸಡಿನೊಳಗೆ ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಹೆಚ್ಚಿನ ಹಲ್ಲುಗಳಿಗೆ 8 ವರ್ಷದೊಳಗೆ. ಆಗ ಕೊಳವೆಬಾವಿ ನೀರು ಕುಡಿದ ಮಗು ಈಗ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಕುಡಿಯುತ್ತಿದ್ದರೆ, ಲೆಕ್ಕದಲ್ಲಿ ಒಳ್ಳೆಯ ನೀರಿಗೇ ಕೆಟ್ಟ ಹೆಸರು ಬಂದೀತು! ಕೇಳಬೇಕಾದದ್ದು ಅಂದಿನ ನೀರನ್ನು, ಅಂದು ವಾಸವಿದ್ದ ಊರನ್ನು. ಹಾಗೆಯೇ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಲ್ಲಿ ಕೀಲುನೋವು ಹೆಚ್ಚಿದೆ ಎಂಬ ಹಳ್ಳಿಮಟ್ಟದ ಅಂಕಿಯಿಂದ, ನೋವಿರುವ ವ್ಯಕ್ತಿಯೇ ಆ ನೀರು ಕುಡಿದನೆಂದು ಹೇಳಲಾಗದು. ವಯಸ್ಸು, ಹೊಲದ ದುಡಿಮೆ, ಆಹಾರ ಇವನ್ನೂ ವಿಶ್ಲೇಷಣೆಯಲ್ಲಿ ತೂಗಬೇಕಾಗುತ್ತದೆ.

ಪಿ-ಮೌಲ್ಯ (ನಿಜವಾದ ಸಂಬಂಧವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಬಂದರೆ ಸಿದ್ಧವಾಯಿತು ಎಂಬ ನಂಬಿಕೆ ಕಲಿಯುವವರಲ್ಲಿ ಬಲವಾಗಿದೆ. ನಿಜವಾದ ಸಂಬಂಧವೇ ಇಲ್ಲದ 20 ಪ್ರಶ್ನೆಗಳನ್ನು ಪರೀಕ್ಷಿಸಿದರೂ ಸರಾಸರಿ ಒಂದು ಆ ಗೆರೆ ದಾಟುತ್ತದೆ. ಮುಖ್ಯ ಪ್ರಶ್ನೆ ಯಾವುದೆಂದು ಮೊದಲೇ ಬರೆದಿಡಬೇಕೆನ್ನುವುದು ಇದಕ್ಕೇ.

ಕೊನೆಯದು ಅನುಮತಿಯ ವಿಷಯ. ಪಂಚಾಯಿತಿ ಅಧ್ಯಕ್ಷರು ಹೂಂ ಎಂದರೆ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯ ಪರಿಶೀಲನೆ ಆಗಬೇಕು, ಶಾಲಾಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು, 7 ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಮುಖ್ಯಶಿಕ್ಷಕರ ಸಹಿ ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ.